ಹಿಂದಿನವರ ಹಾರ್ನ್ ನಿಮ್ಮ ಕಾಲಿಗೆ ಕೇಳಿಸದಿರಲಿ

ನನ್ನ ಹತ್ತಿರ ಕಾರು ಕಲಿಯೋಕೆ ಬರುವ ಹೆಂಗಸರಲ್ಲಿ ಹೆಚ್ಚಿನವರ ಪರ್ಸಿನಲ್ಲಿ ಡಿಎಲ್ ಆಗಲೇ ಇರುತ್ತೆ. ಮದುವೆಗೆ ಮುಂಚೆ ಮಾಡಿಸಿದ್ದು. ಕೆಲವರದು ರಿನ್ಯೂವಲ್‌ಗೂ ಬಂದಿರುತ್ತೆ. ಮನೆ ಮುಂದೆ ಕಾರೂ ನಿಂತಿರುತ್ತೆ. ಕೀ ಮಾತ್ರ ಇನ್ನೊಬ್ಬರ ಜೇಬಿನಲ್ಲಿ. ಕುವೆಂಪುನಗರ, ಸರಸ್ವತಿಪುರಂ, ಬೋಗಾದಿ, ವಿಜಯನಗರ, ಮೈಸೂರಿನ ಯಾವ ಬಡಾವಣೆಗೆ ಹೋದರೂ ಇದೇ ಕತೆ. ಲೈಸೆನ್ಸ್ ಇದ್ದೂ ಓಡಿಸೋದು ಬಿಟ್ಟವರ ಪಕ್ಕ, ಅವರದೇ ಕಾರಿನಲ್ಲಿ ಕೂತು ಮತ್ತೆ ರೂಢಿ ಮಾಡಿಸೋದು ನನ್ನ ಕೆಲಸ.

ಯಾಕೆ ಬಿಟ್ರಿ ಅಂತ ಕೇಳಿದರೆ ಕ್ಲಚ್ ಬರಲಿಲ್ಲ, ರಿವರ್ಸ್ ಬರಲಿಲ್ಲ ಅಂತ ಯಾರೂ ಹೇಳಲ್ಲ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಯ್ತು, ಹಿಂದಿನವನು ಹಾರ್ನ್ ಹೊಡೆದ, ಪಕ್ಕಕ್ಕೆ ಬಂದು ಮುಖ ನೋಡಿ "ಲೇಡೀಸಾ, ಅದಕ್ಕೇ" ಅಂದುಕೊಂಡು ಹೋದ, ಮನೆಯವರು "ಇಳಿ, ನಾನು ಓಡಿಸ್ತೀನಿ" ಅಂದರು. ಆಮೇಲೆ ಆ ಸೀಟಿಗೆ ಅವರು ಕೂತೇ ಇಲ್ಲ. ಹಾಗಾಗಿ ಈ ಬರಹದಲ್ಲಿ ಗೇರು ಹಾಕೋದು ಹೇಗೆ ಅನ್ನೋದಕ್ಕಿಂತ, ರಸ್ತೆಯ ಮೇಲಿನವರು ನಿಮ್ಮ ಬಗ್ಗೆ ಮೊದಲೇ ಕಟ್ಟಿಕೊಂಡಿರೋ ಅಭಿಪ್ರಾಯ ನಿಮ್ಮ ಕೈಕಾಲಿಗೆ ಇಳಿಯದ ಹಾಗೆ ನೋಡಿಕೊಳ್ಳೋದು ಹೇಗೆ ಅನ್ನೋದನ್ನ ಬರೀತೀನಿ. ಗಂಡಸರೂ ಓದಬೇಕು. ಅವರ ತಲೆಯ ಮೇಲೂ ಇಂಥದೇ ಒಂದು ಭಾರ ಇದೆ, ಅದು ಇನ್ನೂ ಅಪಾಯದ್ದು.

ಮಾತು ಕಾಲಿಗೆ ಇಳಿಯುತ್ತೆ ಅಂದರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಹೆಂಗಸರನ್ನ ಸಿಮ್ಯುಲೇಟರ್ ಮುಂದೆ, ಅಂದರೆ ಪರದೆಯ ಮೇಲೆ ರಸ್ತೆ ತೋರಿಸಿ ಕಾರು ಓಡಿಸಿದ ಹಾಗೆ ಮಾಡಿಸೋ ಯಂತ್ರದ ಮುಂದೆ ಕೂರಿಸಿ ಓಡಿಸೋಕೆ ಹೇಳಿದರು. ಅವರಲ್ಲಿ ಕೆಲವರಿಗೆ ಮಾತ್ರ, "ಗಂಡಸರು ಯಾಕೆ ಹೆಂಗಸರಿಗಿಂತ ಚೆನ್ನಾಗಿ ಓಡಿಸ್ತಾರೆ ಅಂತ ತಿಳಿಯೋಕೆ ಈ ಪರೀಕ್ಷೆ" ಅಂತ ಮೊದಲೇ ಹೇಳಿದ್ದರು. ದಾರಿಯಲ್ಲಿ ದಿಢೀರನೆ ಜನ ಅಡ್ಡ ಬಂದಾಗ, ಆ ಮಾತು ಕೇಳಿಸಿಕೊಂಡವರು ಗುದ್ದಿದ್ದು ಕೇಳಿಸಿಕೊಳ್ಳದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೂತಿದ್ದವರೆಲ್ಲ ಹೆಂಗಸರೇ, ಯಂತ್ರವೂ ಒಂದೇ. ಬೇರೆಯಾಗಿದ್ದು ಕಿವಿಗೆ ಬಿದ್ದ ಒಂದು ಮಾತು. "ನಾನು ಹೇಗೆ ಓಡಿಸ್ತಿದ್ದೀನಿ, ನೋಡೋರು ಏನಂದುಕೊಳ್ತಾರೆ" ಅಂತ ಮನಸ್ಸಿನ ಒಂದು ಪಾಲು ತನ್ನನ್ನೇ ಕಾವಲು ಕಾಯ್ತಾ ಕೂತರೆ ರಸ್ತೆಗೆ ಉಳಿಯುವ ಗಮನ ಕಡಿಮೆಯಾಗುತ್ತೆ. ಇದನ್ನ ನಾನು ಪಕ್ಕದ ಸೀಟಿನಿಂದ ದಿನವೂ ನೋಡ್ತೀನಿ. ಖಾಲಿ ರಸ್ತೆಯಲ್ಲಿ ನೀಟಾಗಿ ಹಾಫ್ ಕ್ಲಚ್ ಹಿಡಿಯುವ ಕಾಲು, ಹಿಂದೆ ಒಂದು ಬೈಕು ಬಂದು ನಿಂತ ತಕ್ಷಣ ನಡುಗೋಕೆ ಶುರುವಾಗುತ್ತೆ.

ಸೀಟಿನಿಂದ ಶುರು ಮಾಡಿ

ಮೊದಲನೇ ದಿನ ನಾನು ಗಾಡಿ ಸ್ಟಾರ್ಟ್ ಮಾಡಿಸೋದೇ ಇಲ್ಲ. ಬಾಗಿಲು ತೆಗೆದು ಕೂತ ಹೆಂಗಸು ಏನು ಮಾಡ್ತಾರೆ ನೋಡ್ತೀನಿ. ಹೆಚ್ಚಿನವರು ಗಂಡನ ಅಳತೆಗೆ ಇಟ್ಟಿರೋ ಸೀಟಿನ ತುದಿಗೆ ಜಾರಿ ಕೂತು, ಕತ್ತು ಚಾಚಿ, ಸ್ಟೀರಿಂಗ್ ತಬ್ಬಿಕೊಳ್ತಾರೆ. "ಸೀಟು ಸರಿ ಮಾಡ್ಕೊಳ್ಳಿ" ಅಂದರೆ, "ಬೇಡ ಮೇಡಂ, ಆಮೇಲೆ ಅವರಿಗೆ ಮತ್ತೆ ಅಡ್ಜಸ್ಟ್ ಮಾಡ್ಕೊಳ್ಳೋದು ಕಷ್ಟ" ಅಂತಾರೆ. ಈ ಒಂದು ಸಂಕೋಚದಲ್ಲೇ ಅರ್ಧ ಸಮಸ್ಯೆ ಇದೆ. ಕಾಲು ಪೂರ್ತಿ ಮುಟ್ಟದವರು ಕ್ಲಚ್ ಪೂರ್ತಿ ಒತ್ತಲಾರರು. ಕ್ಲಚ್ ಪೂರ್ತಿ ಒತ್ತದಿದ್ದರೆ ಗೇರು ಕರಕರ ಅನ್ನುತ್ತೆ. ಆಗ ಎಡಗಡೆಯಿಂದ "ಗೇರ್‌ಬಾಕ್ಸ್ ಹಾಳು ಮಾಡ್ತೀಯ" ಅಂತ ಮಾತು ಬರುತ್ತೆ. ಬೈಗುಳ ಬಿದ್ದಿದ್ದು ಹೆಂಗಸಿಗೆ, ಸರಿ ಇಲ್ಲದೆ ಇದ್ದದ್ದು ಸೀಟು.

ಹೀಗೆ ಮಾಡಿ. ಬೆನ್ನು ಪೂರ್ತಿ ಒರಗುವ ಹಾಗೆ ಹಿಂದಕ್ಕೆ ಕೂತು, ಎಡಗಾಲಿನಿಂದ ಕ್ಲಚ್ ತಳದವರೆಗೂ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ನೆಟ್ಟಗೆ ಚಾಚಿಕೊಂಡರೆ ಸೀಟು ಮುಂದಕ್ಕೆ ಬರಬೇಕು. ಎತ್ತರ ಮಾಡುವ ಲಿವರ್ ಇದ್ದರೆ ಬಾನೆಟ್ಟಿನ ಅಂಚು ಕಾಣುವವರೆಗೂ ಏರಿಸಿ. ಇಲ್ಲದಿದ್ದರೆ ಕೂರೋದಕ್ಕೆ ಗಟ್ಟಿಯಾದ, ಜಾರದ ಕುಶನ್ ಸಾಕು. ಮೆತ್ತಗಿರೋ ದಿಂಬು ಬೇಡ, ಬ್ರೇಕ್ ಹಿಡಿದಾಗ ಅದು ಜಾರುತ್ತೆ. ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ 25 ಸೆಂಟಿಮೀಟರ್ ಆದರೂ ಅಂತರ ಇರಲಿ, ಅಂದರೆ ಸುಮಾರು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ರಭಸ ಸಣ್ಣದಲ್ಲ, ಸ್ಟೀರಿಂಗ್‌ಗೆ ಅಂಟಿಕೊಂಡು ಕೂತವರಿಗೆ ಅದೇ ಪೆಟ್ಟಾಗಬಹುದು. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಬರಬೇಕು, ಹೊಟ್ಟೆಯ ಮೇಲಲ್ಲ. ಬಸುರಿಯರಿಗೂ ಇದೇ ಮಾತು, ಹೊಟ್ಟೆಯ ಕೆಳಗಿನಿಂದ ಪಟ್ಟಿ ಹೋಗಲಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಅಪಘಾತದ ದಾಖಲೆಗಳನ್ನ ಪರಿಶೀಲಿಸಿದಾಗ, ಮುಂದಿನಿಂದ ಡಿಕ್ಕಿಯಾದಾಗ ಬೆಲ್ಟ್ ಹಾಕಿದ ಹೆಂಗಸಿಗೆ ತೀವ್ರ ಗಾಯ ಆಗುವ ಸಂಭವ ಬೆಲ್ಟ್ ಹಾಕಿದ ಗಂಡಸಿಗಿಂತ 73% ಹೆಚ್ಚು ಅಂತ ಕಂಡುಬಂತು. ಕಾರುಗಳ ಸುರಕ್ಷತೆ ಪರೀಕ್ಷೆಗೆ ಬಳಸುವ ಗೊಂಬೆಗಳು ದಶಕಗಳ ಕಾಲ ಸರಾಸರಿ ಗಂಡಸಿನ ಮೈಕಟ್ಟಿನವೇ ಆಗಿದ್ದವು. ಸರಾಸರಿ ಹೆಂಗಸಿನ ಅಳತೆಯ ಗೊಂಬೆಯನ್ನ ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ಎಂಜಿನಿಯರ್ ಮತ್ತು ಅವರ ತಂಡ ತಯಾರಿಸಿ ತೋರಿಸಿದ್ದು ಮೊನ್ನೆ ಮೊನ್ನೆ, 2022ರಲ್ಲಿ. ಕಾರಿನೊಳಗಿನ ಅಳತೆಯೇ ನಿಮ್ಮದಲ್ಲ ಅಂದಮೇಲೆ ಅದನ್ನ ನಿಮ್ಮದು ಮಾಡಿಕೊಳ್ಳೋಕೆ ಎರಡು ನಿಮಿಷ ತಗೊಳ್ಳೋದರಲ್ಲಿ ಸಂಕೋಚ ಬೇಡ. ವಾಪಸ್ ಬಂದಮೇಲೆ ಅವರು ಸರಿ ಮಾಡ್ಕೊಳ್ತಾರೆ, ಅವರಿಗೂ ಕೈ ಇದೆ.

ಆಮೇಲೆ ಕನ್ನಡಿ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಬದಿಯ ಕನ್ನಡಿಗಳಲ್ಲಿ ನಿಮ್ಮದೇ ಕಾರು ಅಂಚಿನಲ್ಲಿ ಒಂದು ಗೆರೆಯಷ್ಟು ಕಂಡರೆ ಸಾಕು. ಎಡಗನ್ನಡಿ ಮಡಚಿಟ್ಟು ಓಡಿಸೋರನ್ನ ನಮ್ಮ ಊರಲ್ಲಿ ಎಷ್ಟು ಬೇಕಾದರೂ ನೋಡಬಹುದು, ಅವರಲ್ಲಿ ಹೆಚ್ಚಿನವರು ಗಂಡಸರೇ. ಹಿಂದೆ ನೋಡೋಕೆ ಜೊತೆಗೊಂದು ಕೈಗನ್ನಡಿ ಇಟ್ಟುಕೊಳ್ಳಿ ಅಂತ 1909ರಲ್ಲೇ ಹೆಂಗಸರಿಗೆ ಬರೆದು ತಿಳಿಸಿದ್ದು ಇಂಗ್ಲೆಂಡಿನಲ್ಲಿ ರೇಸ್ ಓಡಿಸುತ್ತಿದ್ದ ಡೊರೊಥಿ ಲೆವಿಟ್. ಆ ಹೊತ್ತಿಗೆ ಕಾರುಗಳಿಗೆ ಹಿಂಗನ್ನಡಿ ಬರ್ತಲೇ ಇರಲಿಲ್ಲ.

ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೆ

ರಾಮಸ್ವಾಮಿ ಸರ್ಕಲ್. ಸಂಜೆ ಆಫೀಸು ಬಿಡೋ ಹೊತ್ತು. ಹಸಿರು ಬಿತ್ತು, ನೀವು ಕ್ಲಚ್ ಬಿಟ್ಟಿರಿ, ಗಾಡಿ ಒಂದು ಸಲ ಕುಪ್ಪಳಿಸಿ ಆಫ್ ಆಯ್ತು. ಹಿಂದೆ ಸಿಟಿ ಬಸ್ಸು. ಹಾರ್ನ್ ಶುರುವಾಗುತ್ತೆ. ಈ ಹಾರ್ನ್ ಕೇಳಿದ ಕೂಡಲೇ ಏನಾಗುತ್ತೆ ಅಂದರೆ, ಕೈ ಕೀ ಹುಡುಕುತ್ತೆ, ಕಾಲು ಆಕ್ಸಿಲೇಟರ್ ತುಳಿಯುತ್ತೆ, ಗೇರು ಮೊದಲನೆಯದರಲ್ಲೇ ಇರುತ್ತೆ, ಗಾಡಿ ಮತ್ತೆ ಕುಪ್ಪಳಿಸುತ್ತೆ. ಎರಡನೇ ಸಲ ಆಫ್ ಆಗೋದಕ್ಕೆ ಕಾರಣ ಹಾರ್ನ್, ಮೊದಲನೇ ಸಲದ್ದಕ್ಕಲ್ಲ.

ಇದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ, ಬಾಯಲ್ಲಿ ಹೇಳಿಕೊಂಡೇ ಮಾಡಿ. ಬ್ರೇಕ್. ಕ್ಲಚ್ ಪೂರ್ತಿ. ಹ್ಯಾಂಡ್‌ಬ್ರೇಕ್ ಮೇಲಕ್ಕೆ. ನ್ಯೂಟ್ರಲ್. ಸ್ಟಾರ್ಟ್. ಮೊದಲನೇ ಗೇರು. ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಸದ್ದು ಸ್ವಲ್ಪ ದಪ್ಪಗಾಗಿ, ಬಾನೆಟ್ ತುಸು ಮೇಲೆದ್ದ ಹಾಗಾಗುತ್ತೆ. ಅಲ್ಲೇ ಕಾಲು ನಿಲ್ಲಿಸಿ. ಈಗ ಹ್ಯಾಂಡ್‌ಬ್ರೇಕ್ ಇಳಿಸಿ, ಹೊರಡಿ. ಹ್ಯಾಂಡ್‌ಬ್ರೇಕ್ ಹಾಕಿರೋದರಿಂದ ಗಾಡಿ ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಹಾರಲ್ಲ. ಇದೆಲ್ಲಾ ಮುಗಿಯೋಕೆ ಬೇಕಾಗೋ ಸಮಯ ಬಸ್ಸಿನವರು ಎರಡು ಸಲ ಹಾರ್ನ್ ಹೊಡೆಯುವಷ್ಟು. ಕೆಂಪು ಬಿದ್ದುಬಿಟ್ಟರೆ ಬೀಳಲಿ, ಇನ್ನೊಂದು ಹಸಿರು ಬರುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು ಹತ್ತೋಕೂ, ಚಾಮುಂಡಿ ಬೆಟ್ಟದ ಏರಿನಲ್ಲಿ ನಿಂತು ಹೊರಡೋಕೂ ಇದೇ ಕ್ರಮ.

ಆದರೆ ಕ್ರಮ ಗೊತ್ತಿದ್ದರೆ ಸಾಲದು, ಸದ್ದಿನ ನಡುವೆ ಅದು ಬರಬೇಕು. ಅದಕ್ಕೆ ನಾನು ಸಿಟಿ ಬಸ್ಸಿನ ಹಾರ್ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೀನಿ. ಊರಾಚೆಯ ಹೊಸ ಲೇಔಟುಗಳಲ್ಲಿ ಸೈಟು ಮಾತ್ರ ಇದ್ದು ಮನೆ ಬಂದಿರೋಲ್ಲ, ಅಲ್ಲಿಗೆ ಬೆಳಿಗ್ಗೆ ಆರು ಗಂಟೆಗೆ ಕರೆದುಕೊಂಡು ಹೋಗಿ, ಬೇಕೆಂದೇ ಗಾಡಿ ಆಫ್ ಮಾಡಿಸಿ, ಹಿಂದಿನ ಸೀಟಿನಲ್ಲಿ ಕೂತು ಆ ಹಾರ್ನ್ ಜೋರಾಗಿ ಹಾಕ್ತೀನಿ. ಮೊದಲ ದಿನ ಎಲ್ಲರ ಭುಜವೂ ಕಿವಿಯವರೆಗೆ ಏರುತ್ತೆ. ಕೆಲವು ದಿನಕ್ಕೆ ಭುಜ ಇಳಿಯುತ್ತೆ, ಬಾಯಿ ತನ್ನಷ್ಟಕ್ಕೆ "ಬ್ರೇಕ್, ಕ್ಲಚ್, ಹ್ಯಾಂಡ್‌ಬ್ರೇಕ್" ಅನ್ನುತ್ತೆ. ಮನೆಯಲ್ಲಿ ಅಣ್ಣನೋ ಮಗಳೋ ಇದ್ದರೆ ನೀವೂ ಈ ಅಭ್ಯಾಸ ಮಾಡಿಕೊಳ್ಳಬಹುದು.

ಹಾರ್ನ್ ಹೊಡೆಯೋರ ಬಗ್ಗೆ ಒಂದು ಮಾತು ತಿಳಿದಿರಲಿ. 1968ರಲ್ಲಿ ಡೂಬ್ ಮತ್ತು ಗ್ರಾಸ್ ಅನ್ನೋ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಹಸಿರು ಬಿದ್ದಮೇಲೂ ಕಾರನ್ನ ಅಲುಗಾಡಿಸದೆ ನಿಲ್ಲಿಸಿಕೊಂಡು, ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಹೊಡೀತಾರೆ ಅಂತ ಲೆಕ್ಕ ಹಾಕಿದರು. ಹೊಸ ದುಬಾರಿ ಕಾರಿಗೆ ತಡವಾಗಿ, ಹಳೇ ಸಾಧಾರಣ ಕಾರಿಗೆ ಬೇಗ. ಮುಂದಿನವರು ನಿಂತ ಹೊತ್ತು ಒಂದೇ ಆದರೂ ಸಹನೆ ಒಂದೇ ಇರಲಿಲ್ಲ. ಯಾರ ಮೇಲೆ ಹೊಡೆದರೆ ನಡೆಯುತ್ತೆ ಅಂತ ಅನ್ನಿಸುತ್ತೋ ಅವರ ಮೇಲೆ ಹಾರ್ನ್ ಬೇಗ ಬೀಳುತ್ತೆ. ಎಲ್ ಬೋರ್ಡ್ ಇರುವ ಕಾರಿನ ಹಿಂದೆ, ಹೆಂಗಸು ಓಡಿಸ್ತಿರೋ ಕಾರಿನ ಹಿಂದೆ ನಾನು ಕೇಳಿಸಿಕೊಳ್ಳೋದೂ ಇದನ್ನೇ. ಹಾಗಾಗಿ ಹಾರ್ನ್ ನಿಮ್ಮ ಡ್ರೈವಿಂಗ್‌ಗೆ ಕೊಟ್ಟ ಅಂಕ ಅಂದುಕೊಳ್ಳಬೇಡಿ. ಅನಗತ್ಯವಾಗಿ ಹಾರ್ನ್ ಹೊಡೆಯೋದು ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನ ಪ್ರಕಾರ ದಂಡ ಕಟ್ಟಬೇಕಾದ ತಪ್ಪು, ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗೋದು ಯಾವ ಕಲಮಿನಲ್ಲೂ ತಪ್ಪಲ್ಲ.

ಸರ್ಕಲ್, ಮತ್ತೆ "ಹೋಗಿ ಮೇಡಂ" ಅನ್ನೋರು

ಮೈಸೂರು ಸರ್ಕಲ್ಲುಗಳ ಊರು. ಕೆ.ಆರ್. ಸರ್ಕಲ್ಲು, ಹಾರ್ಡಿಂಜ್ ಸರ್ಕಲ್ಲು ದಾಟೋಕೆ ಹೆದರಿ ಎರಡು ಕಿಲೋಮೀಟರ್ ಸುತ್ತಿ ಹೋಗೋ ಹೆಂಗಸರು ನನಗೆ ಗೊತ್ತು. ನಿಯಮ ಸರಳವಾಗಿದೆ: ಸರ್ಕಲ್ಲಿನೊಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು, ಒಳಗೆ ಬರೋರು ಬಲಗಡೆ ನೋಡಿ ಬಿಟ್ಟುಕೊಡಬೇಕು. ಪಾಲಿಸೋರು ಕಡಿಮೆ ಅನ್ನೋದೂ ನಿಜ. ಆದ್ದರಿಂದ ಎರಡನೇ ಗೇರಿಗೆ ಇಳಿದು ಬನ್ನಿ, ಬಲಗಡೆಯಿಂದ ಬರೋ ಸಾಲಿನಲ್ಲಿ ಸಂದು ಸಿಕ್ಕಾಗ ಒಂದೇ ವೇಗದಲ್ಲಿ ಒಳಗೆ ಹೋಗಿ. ಮೊದಲ ತಿರುವಿಗೇ ಹೊರಗೆ ಹೋಗೋರು ಎಡಕ್ಕೆ ಇರಿ, ಮುಂದಿನದಕ್ಕೆ ಹೋಗೋರು ಸ್ವಲ್ಪ ಒಳಗಡೆ. ಹೊರಗೆ ಬರೋ ಮುಂಚೆ ಎಡಗಡೆ ಇಂಡಿಕೇಟರ್, ಎಡಗನ್ನಡಿ, ಆಮೇಲೆ ತಿರುವು. ಸುತ್ತಿನ ಮಧ್ಯೆ ಹೆದರಿ ನಿಂತುಬಿಡೋದು ಎಲ್ಲಕ್ಕಿಂತ ಅಪಾಯ. ತಿರುವು ತಪ್ಪಿಹೋದರೆ ಇನ್ನೊಂದು ಸುತ್ತು ಹಾಕಿ, ಅದಕ್ಕೆ ಯಾರಪ್ಪಣೆಯೂ ಬೇಡ.

ಇಲ್ಲಿ ಆಟೋ, ಬೈಕಿನವರು ಒಂದು ಲೆಕ್ಕ ಹಾಕಿಕೊಂಡೇ ಬರ್ತಾರೆ. ಹೆಂಗಸು ಓಡಿಸ್ತಿದ್ದಾರೆ, ಮುಂದೆ ನುಗ್ಗಿದರೆ ಬ್ರೇಕ್ ಹಿಡೀತಾರೆ ಅಂತ. ನೀವು ಬ್ರೇಕ್ ಹಿಡಿದರೆ ಆ ಲೆಕ್ಕ ಸರಿಹೋಯ್ತು ಅನ್ನಿಸುತ್ತೆ, ಆದರೂ ಗುದ್ದೋ ಹಾಗಿದ್ದರೆ ಹಿಡಿಯಲೇಬೇಕು. ಅವರಿಗೆ ಬುದ್ಧಿ ಕಲಿಸೋಕೆ ಆಕ್ಸಿಲೇಟರ್ ಒತ್ತಬೇಡಿ. ನಿಮಗೆ ಬೇಕಾಗಿರೋದು ಒಂದೇ, ನೀವು ಮುಂದೆ ಏನು ಮಾಡ್ತೀರಿ ಅನ್ನೋದು ಸುತ್ತಲಿನವರಿಗೆ ಮೊದಲೇ ಕಾಣಬೇಕು. ಸಾಲು ಬದಲಿಸದೆ, ವೇಗ ಏರಿಳಿಸದೆ, ಇಂಡಿಕೇಟರ್ ಬೇಗ ಹಾಕಿ ಹೋಗುವ ಕಾರಿನ ಮುಂದೆ ನುಗ್ಗೋಕೆ ಜನ ಎರಡು ಸಲ ಯೋಚನೆ ಮಾಡ್ತಾರೆ. ಹಿಂಜರೀತಾ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಾಡುವ ಕಾರಿನ ಮುಂದೆ ಎಲ್ಲರೂ ನುಗ್ಗುತ್ತಾರೆ.

ಬೈಯೋರಿಗಿಂತ ಉಪಕಾರ ಮಾಡೋರ ಬಗ್ಗೆ ನಾನು ಹೆಚ್ಚು ಎಚ್ಚರಿಸ್ತೀನಿ. ಜೆ.ಎಲ್.ಬಿ. ರಸ್ತೆಯಲ್ಲಿ ಬಲಕ್ಕೆ ತಿರುಗೋಕೆ ಕಾಯ್ತಿರ್ತೀರಿ. ಎದುರು ಬರೋ ಕಾರಿನವರು ನಿಲ್ಲಿಸಿ, ಕೈ ಬೀಸಿ "ಹೋಗಿ ಮೇಡಂ" ಅಂತಾರೆ. ಪಾಪ ಒಳ್ಳೆಯವರೇ. ಆದರೆ ಅವರ ಎಡಪಕ್ಕದಿಂದ ನುಗ್ಗಿ ಬರುತ್ತಿರೋ ಬೈಕು ಅವರಿಗೂ ಕಾಣಲ್ಲ, ನಿಮಗೂ ಕಾಣಲ್ಲ. "ಅಷ್ಟು ಮರ್ಯಾದೆಯಿಂದ ಬಿಟ್ಟಿದ್ದಾರೆ, ಬೇಗ ಹೋಗಬೇಕು" ಅಂತ ನೀವು ನುಗ್ಗಿದರೆ ಬೈಕಿನವನು ನಿಮ್ಮ ಬಾಗಿಲಿಗೆ ಬರ್ತಾನೆ. ಟ್ರಾಫಿಕ್ ಪೊಲೀಸರ ಕೈ ಬಿಟ್ಟರೆ ಇನ್ಯಾರ ಕೈ ಬೀಸಿದರೂ ಅದು ಅನುಮತಿ ಅಲ್ಲ. ತಲೆಯಾಡಿಸಿ ಕೃತಜ್ಞತೆ ತಿಳಿಸಿ, ಗಾಡಿಯ ಮೂತಿ ಅಷ್ಟಷ್ಟೇ ಮುಂದೆ ತಂದು, ಆ ಪಕ್ಕ ನಿಮ್ಮ ಕಣ್ಣಿಗೇ ಖಾಲಿ ಕಂಡಮೇಲೆ ಹೋಗಿ. ಪಾರ್ಕಿಂಗ್‌ನಲ್ಲಿ "ಬನ್ನಿ ಬನ್ನಿ, ಇನ್ನೂ ಬನ್ನಿ" ಅನ್ನೋರ ವಿಷಯವೂ ಹಾಗೇ. ನಾಲ್ಕು ಜನ ನಾಲ್ಕು ಕಡೆಯಿಂದ ಹೇಳ್ತಿದ್ದರೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, "ಅಣ್ಣಾ, ನೀವೊಬ್ಬರೇ ಹೇಳಿ, ಹಿಂದೆ ಗೋಡೆ ಎಷ್ಟಿದೆ ಅಷ್ಟು ಹೇಳಿ ಸಾಕು" ಅನ್ನಿ. ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕು ಅನ್ನೋದನ್ನ ಅವರು ಹೇಳೋದು ಬೇಡ.

ಎಡಗಡೆ ಸೀಟಿನಲ್ಲಿ ಕೂತವರು

ಯಜಮಾನರಿಗೆ, ಅಪ್ಪಂದಿರಿಗೆ, ಮಾವಂದಿರಿಗೆ ಇದು. ಕುವೆಂಪುನಗರದ ಒಂದು ದಂಪತಿ ಜೊತೆ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದಾಗ ನಡೆದ ಮಾತು:

"ಏ, ಬ್ರೇಕ್ ಹಿಡಿ, ಬ್ರೇಕ್ ಹಿಡಿ!"

"ರೀ, ಹಿಡ್ದಿದ್ದೀನಿ. ಗಾಡಿ ನಿಂತೇ ಇದೆ."

"ಹಂಗಲ್ಲ, ಮುಂಚೇನೇ ಹಿಡೀಬೇಕು."

"ಮುಂಚೇನೇ ಹಿಡ್ದಿದ್ದಕ್ಕೇ ನಿಂತಿರೋದು."

ಅವರು ಕೆಟ್ಟವರಲ್ಲ. ಹೆದರಿದ್ದರು, ಬಲಗಾಲು ಮ್ಯಾಟನ್ನ ಒತ್ತುತ್ತಿತ್ತು. ಆದರೆ ಓಡಿಸೋರ ಕಿವಿಗೆ ಆ ಮಾತಿನಿಂದ ಉಪಯೋಗ ಏನೂ ಇಲ್ಲ, ಎದೆ ಹೊಡೆದುಕೊಳ್ಳೋದಷ್ಟೇ. ಆ ದಿನ ಗಾಡಿ ನಿಲ್ಲಿಸಿ ಒಂದು ಒಪ್ಪಂದ ಮಾಡಿಸಿದೆ, ಈಗ ಎಲ್ಲರ ಮನೆಯಲ್ಲೂ ಅದನ್ನೇ ಮಾಡಿಸ್ತೀನಿ. ಎಡಗಡೆ ಕೂತವರು ಕಣ್ಣಿಗೆ ಕಂಡದ್ದನ್ನ ಮಾತ್ರ ಹೇಳಬಹುದು. "ಎಡಕ್ಕೆ ಸ್ಕೂಟರ್ ಇದೆ", "ಮುಂದೆ ಹಂಪ್ ಇದೆ". ಏನು ಮಾಡಬೇಕು ಅಂತ ಹೇಳೋ ಹಾಗಿಲ್ಲ. ನಿಜವಾದ ಅಪಾಯಕ್ಕೆ ಒಂದೇ ಮಾತು, "ನಿಲ್ಸು". ಅದನ್ನ ಬೇರೆ ಯಾವ ಕಾರಣಕ್ಕೂ ಬಳಸಬಾರದು. ಬ್ರೇಕ್ ಹಿಡಿದಾಗಲೆಲ್ಲಾ ಡ್ಯಾಶ್‌ಬೋರ್ಡ್ ಹಿಡಿದುಕೊಳ್ಳೋದು, ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟುಕೊಂಡೇ ಕೂರೋದು ಬೇಡ, ಅವು ಮಾತಿಗಿಂತ ಜೋರಾಗಿ ಕೇಳಿಸುತ್ತವೆ. ತಪ್ಪಾಗಿದ್ದರೆ ಮನೆಗೆ ಬಂದು ಕಾಫಿ ಕುಡಿದಮೇಲೆ ಹೇಳಿ, ಅದೂ ಒಂದೇ ವಿಷಯ.

ಕಲಿಯುವವರು ಎಲ್‌ಎಲ್‌ಆರ್ ಮೇಲೆ ಓಡಿಸ್ತಿದ್ದರೆ ಪಕ್ಕದಲ್ಲಿ ಲೈಸೆನ್ಸ್ ಇರೋರು ಇರಲೇಬೇಕು, ಮುಂದೆ ಹಿಂದೆ ಎಲ್ ಬೋರ್ಡ್ ಇರಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ, 30 ದಿನ ಆದಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ತಿಂಗಳು ತುಂಬಿದ ಮಾರನೇ ದಿನವೇ ಹೋಗಿ ಮುಗಿಸಿಬಿಡೋಣ ಅಂತ ಅವಸರ ಮಾಡೋರೇ ಹೆಚ್ಚು, ಆರು ತಿಂಗಳನ್ನೂ ಬಳಸಿಕೊಳ್ಳಿ ಅಂತ ನಾನು ಹೇಳ್ತೀನಿ.

ಇನ್ನೊಂದು ಮಾತು, ಇದು ಮನೆಗಳಲ್ಲಿ ನಡೆದಷ್ಟು ಮೆಲ್ಲಗೆ ಬೇರೆಲ್ಲೂ ನಡೆಯಲ್ಲ. ಇಬ್ಬರೂ ಕಾರಿನಲ್ಲಿ ಹೊರಟರೆ ಸ್ಟೀರಿಂಗ್ ಗಂಡಸಿಗೆ ಅಂತ ಯಾರೂ ಹೇಳಿರಲ್ಲ, ಆದರೂ ಹಾಗೇ ಆಗುತ್ತೆ. ಅವರು ವರ್ಷವೆಲ್ಲಾ ಓಡಿಸ್ತಾರೆ, ಇವರು ವರ್ಷಕ್ಕೆ ನಾಲ್ಕು ಸಲ. ಆಮೇಲೆ ಇಬ್ಬರನ್ನೂ ಹೋಲಿಸಿ ಹೆಂಗಸರಿಗೆ ಕೈ ಸರಿಯಿಲ್ಲ ಅಂತಾರೆ. ಅಭ್ಯಾಸ ಸಿಗದ ಕೈ ಯಾರದ್ದಾದರೂ ಹಾಗೇ. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಅಂತ ಮಾಡಿಕೊಳ್ಳಿ. ಮತ್ತೆ ಮನೆ ಮುಂದೆ ಬಂದಾಗ "ಕೊಡು, ಪಾರ್ಕ್ ನಾನು ಮಾಡ್ತೀನಿ" ಅನ್ನೋದನ್ನ ದಯವಿಟ್ಟು ಬಿಡಿ. ಕಷ್ಟದ ಭಾಗವನ್ನೇ ಪ್ರತಿಸಲ ಕಿತ್ತುಕೊಂಡರೆ ಅವರು ಕಲಿಯೋದು ಯಾವಾಗ?

ಹೆಂಗಸರಿಗೆ ಯಂತ್ರ ಅರ್ಥವಾಗಲ್ಲ ಅನ್ನೋ ಮಾತು ಕೇಳಿದಾಗಲೆಲ್ಲಾ ನಾನು ಬರ್ತಾ ಬೆಂಜ್ ಕತೆ ಹೇಳ್ತೀನಿ. ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನ ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಹೆಚ್ಚು, ಕಾರಿನಲ್ಲಿ ಹೋದರು. ಕಾರಿನಲ್ಲಿ ಅಷ್ಟು ದೂರ ಅದಕ್ಕೆ ಮುಂಚೆ ಯಾರೂ ಹೋಗಿರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಿಂದ ಚುಚ್ಚಿ ಬಿಡಿಸಿದರು, ಮರದ ಬ್ರೇಕ್ ಸವೆದಾಗ ದಾರಿಯಲ್ಲಿ ಚಮ್ಮಾರರ ಹತ್ತಿರ ತೊಗಲು ಹೊಡೆಸಿಕೊಂಡರು. ನಮ್ಮ ಊರಿನದೇ ಬೇಕೆಂದರೆ, ಮೈಸೂರಿನ ಒಡನಾಡಿ ಸಂಸ್ಥೆಯಲ್ಲಿ ಆಶ್ರಯ ಪಡೆದು ಡ್ರೈವಿಂಗ್ ಕಲಿತು, ದಕ್ಷಿಣ ಭಾರತದ ಮೊದಲ ಟ್ಯಾಕ್ಸಿ ಚಾಲಕಿ ಅಂತ ಹೆಸರಾದ ಸೆಲ್ವಿ ಇದ್ದಾರೆ. ನೀವು ಅಷ್ಟೆಲ್ಲಾ ಮಾಡೋದು ಬೇಡ. ಸ್ಟೆಪ್ನಿ ಬದಲಿಸೋದು ಒಂದು ಸಲ ಮನೆ ಮುಂದೆ ನಿಂತು ಕಲಿಯಿರಿ: ಜಾಕ್ ಏರಿಸೋ ಮುಂಚೆಯೇ ನಟ್ಟು ಸಡಿಲ ಮಾಡಬೇಕು, ಸ್ಪ್ಯಾನರ್ ಮೇಲೆ ಕಾಲಿಟ್ಟು ಮೈಭಾರ ಹಾಕಿದರೆ ತೋಳಿನ ಬಲ ಬೇಕಾಗಲ್ಲ.

ಸ್ಕೂಟರಿನವರಿಗೆ ಸ್ವಲ್ಪ

"ಕಾಲು ಎಳ್ಕೊಂಡು ಓಡಿಸ್ತಾರೆ" ಅನ್ನೋ ಮಾತು ಸ್ಕೂಟರ್ ಹೆಂಗಸರ ಮೇಲೆ ಇದೆ. ಹಾಗೆ ಓಡಿಸೋರು ಬ್ರೇಕಿನ ಮೇಲೆ ನಂಬಿಕೆ ಇಲ್ಲದವರು. ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ ಅಂತ ಯಾರೋ ಹೆದರಿಸಿರ್ತಾರೆ. ಖಾಲಿ ರಸ್ತೆಯಲ್ಲಿ, ಹ್ಯಾಂಡಲ್ ನೆಟ್ಟಗೆ ಇಟ್ಟುಕೊಂಡು ಎರಡೂ ಬ್ರೇಕನ್ನ ಒಟ್ಟಿಗೆ, ಮೆಲ್ಲಗೆ ಹಿಸುಕುವ ಹಾಗೆ ಹಿಡಿದು ನಿಲ್ಲಿಸೋದನ್ನ ಮತ್ತೆ ಮತ್ತೆ ಮಾಡಿ. ಗಾಡಿ ನಿಲ್ಲುತ್ತೆ ಅಂತ ಕೈಗೆ ಗೊತ್ತಾದ ದಿನ ಕಾಲು ತಾನೇ ಮೇಲೆ ಬರುತ್ತೆ. ದುಪಟ್ಟಾ ಎರಡೂ ತುದಿ ಗಂಟು ಹಾಕಿ ಒಳಗೆ ಸೇರಿಸಿ, ಹೊಸ ಗಾಡಿಯಿಂದ ಸ್ಯಾರಿ ಗಾರ್ಡ್ ತೆಗೆಸಬೇಡಿ, ಅದು ಕಾನೂನು ಪ್ರಕಾರವೇ ಇರಬೇಕಾದದ್ದು. ಹೆಲ್ಮೆಟ್ ವಿಷಯದಲ್ಲಿ ಹೆಂಗಸರಿಗೆ ಅಂತ ವಿನಾಯಿತಿ ಇಲ್ಲ. ಹಿಂದೆ ಕೂರೋರಿಗೂ ಕರ್ನಾಟಕದಲ್ಲಿ 2016ರಿಂದ ಕಡ್ಡಾಯ. ಮುಂದೆ ಗಂಡನಿಗೆ ಹೆಲ್ಮೆಟ್ಟು, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಡತಿಗೆ ಇಲ್ಲ, ನಡುವೆ ಮಗುವಿಗೂ ಇಲ್ಲ. ಈ ನೋಟ ನೋಡಿದಾಗ ನನಗೆ ಸಿಟ್ಟು ತಡೆಯೋಕಾಗಲ್ಲ.

ಗಂಡಸರು ಮಾಡಬೇಕಾದದ್ದು

2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಹತ್ತರಲ್ಲಿ ಏಳಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಪ್ರಪಂಚದಾದ್ಯಂತ ನೋಡಿದರೆ ರಸ್ತೆಯಲ್ಲಿ ಸಾಯುವ ಸಂಭವ ಹೆಂಗಸರಿಗಿಂತ ಗಂಡಸರಿಗೆ ಸುಮಾರು ಮೂರು ಪಟ್ಟು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಗಂಡಸರು ಹೆಚ್ಚು ಓಡಿಸ್ತಾರೆ, ಅದೂ ಒಂದು ಕಾರಣ. ಅದೊಂದೇ ಅಲ್ಲ. ಯುರೋಪಿನ ವಿಮಾ ಕಂಪನಿಗಳು ಎಷ್ಟೋ ವರ್ಷ ಹರೆಯದ ಹುಡುಗರಿಂದ ಹುಡುಗಿಯರಿಗಿಂತ ಹೆಚ್ಚು ಪ್ರೀಮಿಯಂ ವಸೂಲಿ ಮಾಡುತ್ತಿದ್ದವು, ಹುಡುಗರ ಅಪಘಾತದ ಕ್ಲೇಮು ದೊಡ್ಡದಾಗಿರುತ್ತಿದ್ದರಿಂದ. ಲಿಂಗದ ಮೇಲೆ ಪ್ರೀಮಿಯಂ ಬೇರೆ ಮಾಡಬಾರದು ಅಂತ ಅಲ್ಲಿನ ನ್ಯಾಯಾಲಯ 2011ರಲ್ಲಿ ಹೇಳಿದಮೇಲೆ, 2012ರ ಡಿಸೆಂಬರಿನಿಂದ ಅದು ನಿಂತಿತು.

ಮಾತು ಕಾಲಿಗೆ ಇಳಿಯೋದು ಗಂಡಸರಿಗೂ ತಪ್ಪಿದ್ದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಡುಗರನ್ನ ಸಿಮ್ಯುಲೇಟರಿನಲ್ಲಿ ಕೂರಿಸಿ, ರೇಡಿಯೋದಲ್ಲಿ ಗಂಡಸುತನಕ್ಕೆ ಸಂಬಂಧಿಸಿದ ಪದಗಳನ್ನ ಕೇಳಿಸಿದಾಗ ಅವರ ವೇಗ ಏರಿತು. ಇದೂ 2008ರಲ್ಲಿ ಪ್ರಕಟವಾದದ್ದು. ರೇಡಿಯೋದ ಕೆಲವು ಪದಕ್ಕೇ ಹೀಗಾದರೆ, ಹಿಂದೆ ಕೂತ ಗೆಳೆಯರು "ಏನೋ, ಹೆಂಗಸು ನಿನ್ನ ಹಿಂದೆ ಹಾಕ್ತಾವ್ಳೆ, ಸುಮ್ನೆ ಇದೀಯಾ" ಅಂದಾಗ ಏನಾಗಬೇಡ? ನನ್ನ ವಿದ್ಯಾರ್ಥಿನಿಯೊಬ್ಬರು ರಿಂಗ್ ರೋಡಿನಲ್ಲಿ ಒಂದು ಕಾರನ್ನ ಸರಿಯಾಗಿಯೇ ಓವರ್‌ಟೇಕ್ ಮಾಡಿದರು, ಅದರಲ್ಲಿದ್ದ ಹುಡುಗ ಮುಂದಿನ ಜಂಕ್ಷನ್‌ವರೆಗೂ ಎಡಗಡೆಯಿಂದ, ಬಲಗಡೆಯಿಂದ ಕಟ್ ಹೊಡೀತಾ ಬಂದ. ನಾವು ವೇಗ ಇಳಿಸಿ ಎಡಕ್ಕೆ ಬಂದು ಅವನನ್ನ ಹೋಗೋಕೆ ಬಿಟ್ಟೆವು. ನಿಮಗೂ ಅದನ್ನೇ ಹೇಳ್ತೀನಿ. ಯಾರಾದರೂ ಬಿಡದೆ ಹಿಂಬಾಲಿಸಿದರೆ ಮನೆಗೆ ಹೋಗಬೇಡಿ. ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ಹೋಗಿ ನಿಲ್ಲಿಸಿ, 112ಕ್ಕೆ ಫೋನ್ ಮಾಡಿ.

ಗಂಡಸರೇ, ನಿಧಾನವಾಗಿ ಹೋಗುತ್ತಿರೋ ಕಾರಿನ ಪಕ್ಕಕ್ಕೆ ಬಂದು ಮುಖ ನೋಡೋ ಅಭ್ಯಾಸ ಬಿಡಿ. ನೋಡಿದಾಗ ಹೆಂಗಸು ಕಂಡರೆ "ನಾನು ಹೇಳಿದ್ನಲ್ಲಾ" ಅಂತ ನೆನಪಲ್ಲಿ ಉಳಿಯುತ್ತೆ, ಗಂಡಸು ಕಂಡರೆ ಮರೆತುಹೋಗುತ್ತೆ. ಲೆಕ್ಕ ತಪ್ಪೋದು ಅಲ್ಲೇ. ಅದರ ಬದಲು ಮುಂದಿನ ಕಾರು ಯಾಕೆ ನಿಧಾನ ಆಯ್ತು ಅಂತ ರಸ್ತೆ ನೋಡಿ. ಹಂಪೋ, ದನವೋ, ರಸ್ತೆ ದಾಟುತ್ತಿರೋ ಅಜ್ಜಿಯೋ ಇರುತ್ತೆ. ಎಲ್ ಬೋರ್ಡ್ ಕಂಡರೆ ಒಂದು ಕಾರಿನಷ್ಟು ಹೆಚ್ಚು ಜಾಗ ಬಿಡಿ, ಹಾರ್ನ್ ಬೇಡ. ಹಾಗಂತ ಹೆಂಗಸು ಅಂತ ಅತಿಯಾಗಿ ಬಿಟ್ಟುಕೊಟ್ಟು ನಡುರಸ್ತೆಯಲ್ಲಿ ನಿಲ್ಲೋದೂ ಬೇಡ. ಎಲ್ಲರಿಗೂ ಮಾಡೋ ಹಾಗೇ ಅವರಿಗೂ ಮಾಡಿ.

ಗಂಡುಮಕ್ಕಳ ತಂದೆತಾಯಿಗಳಿಗೆ ಕೈ ಮುಗಿದು ಕೇಳ್ತೀನಿ. ಮಂಡ್ಯ ಕಡೆಯ ನಮ್ಮ ನೆಂಟರ ಊರುಗಳಲ್ಲಿ ಮೀಸೆ ಚಿಗುರೋ ಮುಂಚೆ ಹುಡುಗನ ಕೈಗೆ ಬೈಕ್ ಕೊಡ್ತಾರೆ, "ಗಂಡು ಹುಡುಗ, ಗಾಡಿ ಬರ್ದೇ ಇದ್ರೆ ಹೆಂಗೆ" ಅಂತ. ಅಕ್ಕ ಡಿಗ್ರಿ ಮುಗಿಸಿದ್ದರೂ ಅವಳಿಗೆ ಸ್ಕೂಟರ್ ಕೊಡೋಕೆ ಹೆದರ್ತಾರೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ, ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಜೈಲಿಗೆ ಹೆದರಬೇಕು ಅಂತ ಹೇಳ್ತಿಲ್ಲ, ಹುಡುಗನ ತಲೆ ಉಳಿಯಲಿ ಅಂತ ಹೇಳ್ತಿದ್ದೀನಿ. ಅವನ ಮುಂದೆ ನೀವು ಗಾಡಿ ಓಡಿಸುವಾಗ "ನೋಡು, ಹೆಂಗಸರ ಡ್ರೈವಿಂಗು" ಅನ್ನಬೇಡಿ. ಹೆಂಗಸಿನ ಹಿಂದೆ ಹೋಗೋದು ಸೋಲು ಅಂತ ಅವನು ಕಲಿಯೋದು ನಿಮ್ಮ ಆ ಮಾತಿನಿಂದಲೇ.

ಮೊದಲ ದೂರದ ಪ್ರಯಾಣ

ಊರೊಳಗೆ ಕೈ ಕುದುರಿದಮೇಲೆ ನಾನು ಮಂಡ್ಯಕ್ಕೆ ಕರೆದುಕೊಂಡು ಹೋಗ್ತೀನಿ, ಹೋಗುವಾಗ ದಶಪಥ, ಬರುವಾಗ ಒಳರಸ್ತೆ. ದಶಪಥ ಅಂದರೆ ಬೆಂಗಳೂರು–ಮೈಸೂರು ಹೆದ್ದಾರಿ, ಅದರ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳು ಬರೋ ಹಾಗಿಲ್ಲ. ಕಾರಿಗೆ ಗರಿಷ್ಠ ವೇಗ 100 ಕಿಲೋಮೀಟರ್. ಹೊಸಬರಿಗೆ ಎಂಬತ್ತು ಸಾಕು. ಬಲತುದಿಯ ಲೇನ್ ಓವರ್‌ಟೇಕಿಗೆ ಮಾತ್ರ, ಮುಗಿಸಿ ಎಡಕ್ಕೆ ಬನ್ನಿ. ಹಿಂದೆ ಬಂದು ಹೈ ಬೀಮ್ ಹಾಕಿ ಮಿಣಕಿಸೋರು ಬಂದರೆ ಗಾಬರಿಯಾಗಿ ಥಟ್ಟನೆ ಸರಿಯಬೇಡಿ. ಎಡಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಜಾಗ ಇದ್ದಾಗ ಸರಿದುಕೊಡಿ. ಅಲ್ಲಿಯವರೆಗೆ ಅವರು ಕಾಯಲಿ.

ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಒಳರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡಾಗ ನಿಮ್ಮ ಹಿಂದೆ ಸಾಲು ಬೆಳೆಯುತ್ತೆ, ಹಾರ್ನ್ ಶುರುವಾಗುತ್ತೆ. ಎದುರಿನ ರಸ್ತೆ ಪೂರ್ತಿ ಕಾಣದಿದ್ದರೆ ಓವರ್‌ಟೇಕ್ ಮಾಡಬೇಡಿ, ಹಿಂದೆ ಎಷ್ಟೇ ಜನ ಇರಲಿ. ಟ್ರೈಲರಿನಿಂದ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತೆ, ದೂರದಿಂದ ಕಾಣೋದಕ್ಕಿಂತ ಅದು ಅಗಲ. ಜೋಡಿ ಟ್ರೈಲರ್ ಇದ್ದರೆ ಉದ್ದವೂ ಹೆಚ್ಚು. ಕತ್ತಲಾದಮೇಲೆ ಎಷ್ಟೋ ಟ್ರೈಲರುಗಳಿಗೆ ಹಿಂದೆ ದೀಪವೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಕಬ್ಬು ಕಟಾವಿನ ದಿನಗಳಲ್ಲಿ ಸಂಜೆ ಆರರೊಳಗೆ ಮೈಸೂರು ಸೇರಿಕೊಳ್ಳುವ ಹಾಗೆ ಹೊರಡಿ. ಮಾರನೇ ದಿನ ಕೆಲಸಕ್ಕೂ ನೀವೇ ಓಡಿಸಿಕೊಂಡು ಹೋಗಿ, ಬೆಳಿಗ್ಗೆ ಹೊರಡೋ ಮುಂಚೆ ಸೀಟು, ಕನ್ನಡಿ ನಿಮ್ಮ ಅಳತೆಗೆ ಇದೆಯಾ ನೋಡಿಕೊಳ್ಳಿ.